ಬಿಗಿ ಟೈಲರ್ ಕಟ್ಟಿದ ಮೆಣಸಿನ ಗಿಡಗಳು

ನಮ್ಮ ಮಾವ ಹೊಲಿದ ಪ್ಯಾಂಟು ಹಾಕಿಕೊಂಡು ನಿಲ್ಲಬಹುದು, ನಿಧಾನವಾಗಿ ನಡೆಯಲೂಬಹುದು. ಕೂರಬೇಕಾದರೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕು. ಬೀದಿಯವರೆಲ್ಲ ಅವನನ್ನು ಬಿಗಿ ಟೈಲರ್ ಎಂದೇ ಕರೆಯುತ್ತಾರೆ. ಬೆನ್ನ ಹಿಂದೆ ಅಂದುಕೊಳ್ಳಬೇಡಿ, ಎದುರಿಗೇ ಕರೆಯುತ್ತಾರೆ. ಮಾವನಿಗೆ ಅದೊಂದು ಬಿರುದು.

ಅವನು ನನ್ನ ತಾಯಿಯ ತಮ್ಮ. ಅವನ ಅಂಗಡಿಯಲ್ಲಿ ನಾನು ಕಾಜಾ ಮಾಡುತ್ತೇನೆ, ಗುಂಡಿ ಹಚ್ಚುತ್ತೇನೆ, ಉಳಿದ ಹೊತ್ತು ಗಿರಾಕಿಗಳಿಂದ ಬೈಸಿಕೊಳ್ಳುತ್ತೇನೆ. ಬೇರೆ ದರ್ಜಿಗಳು ಹೊಲಿಗೆಯ ಒಳಗಡೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿರುತ್ತಾರೆ. ನಾಳೆ ಮೈ ಬಂದರೆ ಬಿಚ್ಚಿ ಅಗಲ ಮಾಡಿಕೊಳ್ಳಲಿ ಅಂತ. ಅದಕ್ಕೆ ಮಾರ್ಜಿನ್ ಅನ್ನುತ್ತಾರೆ. ನಮ್ಮ ಮಾವ ಮಾರ್ಜಿನ್ ಬಿಡುವುದಿಲ್ಲ. ಕತ್ತರಿಸಿದ ಕಡೆಗೇ ಹೊಲಿಗೆ.

“ಮಾರ್ಜಿನ್ ಬಿಡೋದು ಅಂದ್ರೆ ಏನು? ನನ್ನ ಅಳತೆ ಮೇಲೆ ನನಗೇ ನಂಬಿಕೆ ಇಲ್ಲ ಅಂತ ತಾನೇ?” ಎಂದು ಟೇಪನ್ನು ಕೊರಳಿಗೆ ಹಾಕಿಕೊಂಡು ಕೇಳುತ್ತಾನೆ. ಇಂಥವನಿಗೆ ಯಾರು ಏನು ಹೇಳುವುದು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಒಮ್ಮೆ ಪಕ್ಕದ ಬೀದಿಯ ಹೆಡ್‌ಮಾಸ್ತರು ತರಗತಿಯಲ್ಲಿ ಸೀಮೆಸುಣ್ಣ ಎತ್ತಿಕೊಳ್ಳಲು ಬಗ್ಗಿದರಂತೆ. ಮುಂದೆ ನಡೆದದ್ದನ್ನು ಮಕ್ಕಳು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಅವರು ಹರಿದ ಪ್ಯಾಂಟು ಹಿಡಿದು ಅಂಗಡಿಗೆ ಬಂದಾಗ ಮಾವ ಹೊಲಿಗೆ ತೋರಿಸಿ, “ನೋಡಿ ಸಾರ್, ನನ್ನ ಹೊಲಿಗೆ ಒಂದಾದ್ರೂ ಬಿಟ್ಟಿದ್ಯಾ? ಹರಿದಿರೋದು ಬಟ್ಟೆ. ನಿಮ್ಮನ್ನ ಬಗ್ಗು ಅಂದಿದ್ಯಾರು?” ಎಂದ. ಹೆಡ್‌ಮಾಸ್ತರು ಪ್ಯಾಂಟು ಮಡಿಸಿಕೊಂಡು ಹೋದರು. ಮುಂದಿನ ವರ್ಷ ಫೋಟೋ ತೆಗೆಸಿಕೊಳ್ಳಬೇಕಾದಾಗ ಕೋಟು ಹೊಲಿಸಲು ಮತ್ತೆ ಇಲ್ಲಿಗೇ ಬಂದರು. ನಿಂತವರಿಗೆ ಮಾವನ ಬಟ್ಟೆ ಕೂತಷ್ಟು ಚೆನ್ನಾಗಿ ಬೇರೆ ಯಾರದೂ ಕೂರುವುದಿಲ್ಲ, ಅದನ್ನು ಒಪ್ಪಬೇಕು.

ಯಾರಾದರೂ ವಾದಕ್ಕೆ ನಿಂತರೆ ಮಾವ ಕೊನೆಗೆ ಹೆಂಡತಿಯನ್ನು ಎಳೆದು ತರುತ್ತಾನೆ. “ನಮ್ಮ ಮನೆಯವಳನ್ನ ನೋಡಿ. ಮದುವೆ ಆದ ಹೊಸದ್ರಲ್ಲಿ ಒಂದ್ಸಲ ಅಳತೆ ತಗೊಂಡೆ. ಇವತ್ತಿಗೂ ಅದೇ ಅಳತೆಗೆ ಬ್ಲೌಸ್ ಹೊಲಿತೀನಿ. ಒಂದು ದಿನ ಬಿಗಿ ಅಂದಿಲ್ಲ, ಸಡಿಲ ಅಂದಿಲ್ಲ. ಮೈ ಅಂದ್ರೆ ಹಾಗಿರ್ಬೇಕು.”

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಅತ್ತೆ ಎರಡು ಮಕ್ಕಳನ್ನು ಹೆತ್ತವಳು, ಅವರ ಮದುವೆ ಮಾಡಿ ಕಳಿಸಿದವಳು, ಹೊಟ್ಟೆ ತುಂಬ ಉಂಡು ಗಟ್ಟಿಯಾಗಿ ನಗುವವಳು. ಅವಳು ಮದುವೆಯ ಹೆಣ್ಣಿನ ಅಳತೆಯಲ್ಲಿ ಇಲ್ಲ ಅನ್ನುವುದು ಕಣ್ಣಿರುವ ಎಲ್ಲರಿಗೂ ಕಾಣುತ್ತದೆ. ಮಾವನಿಗೆ ಕಾಣುವುದಿಲ್ಲ. ಅವನು ಹೊಸ ಬ್ಲೌಸ್ ಹೊಲಿದು ಕೊಟ್ಟ ಕೂಡಲೇ ಅತ್ತೆ ಕಂಕುಳ ಕೆಳಗಿನ ಹೊಲಿಗೆ ಬಿಚ್ಚಿ, ಅಂಗಡಿಯ ಚಿಂದಿ ಚೀಲದಿಂದ ನಾನು ಆರಿಸಿ ಕೊಟ್ಟ ಪಟ್ಟಿಯೊಂದನ್ನು ಎರಡೂ ಕಡೆ ಕೂರಿಸಿ, ಕೈಯಲ್ಲೇ ಹೊಲಿದುಕೊಳ್ಳುತ್ತಾಳೆ. ಒಗೆದ ಮೇಲೆ ಬ್ಲೌಸ್‌ಗಳನ್ನು ಟವೆಲಿನ ಅಡಿಯಲ್ಲಿ ಒಣಗಿಸುತ್ತಾಳೆ. ಅದು ಅವಳ ನಾಚಿಕೆ ಎಂದು ಮಾವ ತಿಳಿದಿದ್ದಾನೆ.

“ಹೇಳ್ಬಾರ್ದಾ ಅತ್ತೆ?” ಎಂದು ನಾನು ಒಮ್ಮೆ ಕೇಳಿದ್ದೆ.

“ಹೇಳಿದ್ರೆ ಅವರ ಮುಖ ಇಷ್ಟಾಗುತ್ತೆ ಕಣೇ” ಎಂದು ಬೆರಳ ತುದಿ ತೋರಿಸಿದ್ದಳು. “ನನಗೇನು, ಒಂದು ಪಟ್ಟಿ ಹಚ್ಕೊಂಡ್ರೆ ಮುಗೀತು.”

ಅವನ ಬಿಗಿಯನ್ನು ಹೀಗೆ ನಗುತ್ತಲೇ ಸಹಿಸಿಕೊಂಡ ಅತ್ತೆ ಒಂದು ಕಡೆ ಮಾತ್ರ ಅವನಿಗೆ ಕೈ ಇಡಲು ಬಿಟ್ಟಿರಲಿಲ್ಲ. ಅದು ತಾರಸಿಯ ಮೇಲಿನ ಮೆಣಸಿನ ಗಿಡಗಳು. ಖಾಲಿ ಪೇಂಟ್ ಬಕೆಟ್ಟುಗಳಲ್ಲಿ, ತುಕ್ಕು ಹಿಡಿದ ಎಣ್ಣೆ ಡಬ್ಬಿಗಳಲ್ಲಿ ಬೆಳೆಸಿದ ಗಿಡಗಳು. ಕಾಯಿ ಗಿಡ್ಡ, ಭುಜ ಅಗಲ, ಖಾರಕ್ಕೆ ಕಣ್ಣಲ್ಲಿ ನೀರು ಬರಬೇಕು. ಅಂಥ ಕಾಯಿ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಬೀಜ ಅವಳ ತಾಯಿಯದು. ತಾಯಿ ಹೋಗಿ ಬಹಳ ಕಾಲವಾಯಿತು, ತವರುಮನೆಯೂ ಮಾರಾಟವಾಯಿತು, ಉಳಿದದ್ದು ಈ ಬೀಜ ಒಂದೇ. ಪ್ರತಿ ವರ್ಷ ಕೆಂಪಾದ ಒಳ್ಳೆಯ ಕಾಯಿಗಳನ್ನು ಒಣಗಿಸಿ, ಬೀಜ ತೆಗೆದು ಡಬ್ಬಿಯಲ್ಲಿಟ್ಟುಕೊಳ್ಳುತ್ತಿದ್ದಳು. ಈ ಸಲ ಬೀಜ ಸರಿಯಾಗಿ ಮೊಳೆಯುತ್ತಿಲ್ಲವೆಂದು ಡಬ್ಬಿಯಲ್ಲಿದ್ದದ್ದನ್ನೆಲ್ಲ ಬಿತ್ತಿದ್ದಳು. ಹುಟ್ಟಿದಷ್ಟೇ ಗಿಡ. ಅವು ಹೋದರೆ ಅವಳ ತಾಯಿಯ ಮೆಣಸಿನಕಾಯಿ ಅಲ್ಲಿಗೆ ಮುಗಿಯಿತು.

ಗಿಡಗಳಲ್ಲಿ ಹೂ ತುಂಬಿ, ಹಸಿರು ಕಾಯಿ ಕಾಣಿಸಿಕೊಳ್ಳುವ ಹೊತ್ತಿಗೆ ಅತ್ತೆಯ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಪರೇಷನ್ ಸುಸೂತ್ರವಾಗಿ ಆಯಿತು. ಆದರೆ ಡಾಕ್ಟರು ಬಗ್ಗಬಾರದು, ಭಾರ ಎತ್ತಬಾರದು, ಮಣ್ಣು ಧೂಳಿನ ಹತ್ತಿರ ಹೋಗಬಾರದು ಎಂದರು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿದೆವು. ತಾರಸಿಗೆ ಹತ್ತುವ ಮೆಟ್ಟಿಲು ಕಡಿದು, ಕತ್ತಲು. ವಿಧಿಯಿಲ್ಲದೆ ಅತ್ತೆ ಗಂಡನನ್ನು ಕರೆದಳು.

“ರೀ, ದಿನಾ ಬೆಳಿಗ್ಗೆ ಮೇಲೆ ಹೋಗಿ ಮಣ್ಣು ಮುಟ್ಟಿ ನೋಡಿ. ಒಣಗಿದ್ರೆ ಒಂದು ಚೊಂಬು ನೀರು. ಬೇರೆ ಏನೂ ಮಾಡ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಏನೂ ಮಾಡ್ಬೇಡಿ.”

“ಅಷ್ಟೇ ತಾನೇ?” ಎಂದ ಮಾವ. ಮುಖದಲ್ಲಿ ಬೇಸರ ಕಾಣುತ್ತಿತ್ತು.

ಆ ವಾರವೇ ಬಿರುಗಾಳಿ ಬಂತು. ಹಗಲಲ್ಲೇ ಕತ್ತಲಾಗಿ, ಅಂಗಡಿಯ ಬೋರ್ಡು ಕಳಚಿ ಎದುರು ಮನೆಯ ಗೇಟಿಗೆ ಬಡಿಯಿತು. ಮಳೆ ಎಂದರೆ ಅದೆಂಥ ಮಳೆ! ಕೊಡದಲ್ಲಿ ಸುರಿದಂತೆ ಸುರಿದು, ಸಂಜೆಗೆ ಏನೂ ಆಗಿಲ್ಲವೆಂಬಂತೆ ನಿಂತುಬಿಟ್ಟಿತು. ನಾನೂ ಮಾವನೂ ಮೇಲೆ ಹೋದೆವು. ಬಕೆಟ್ಟುಗಳು ಉರುಳಿದ್ದವು, ಕೆಲವುಗಳಲ್ಲಿ ಮಣ್ಣೇ ಕಾಣದಷ್ಟು ನೀರು ನಿಂತಿತ್ತು, ಗಿಡಗಳು ಒಂದರ ಮೇಲೊಂದು ಬಿದ್ದು ಎಲೆಗಳೆಲ್ಲ ಕೆಸರಾಗಿದ್ದವು. ನೆಲದ ತುಂಬ ಬಿಳಿ ಹೂ. ನನಗೆ ಅಳು ಬಂತು. ಮಾವನಿಗೆ ಹುರುಪು ಬಂತು.

“ಅತ್ತೆಗೆ ಹೇಳೋಣ ಮಾವ, ಏನು ಮಾಡ್ಬೇಕು ಅಂತ ಅವಳೇ ಹೇಳ್ತಾಳೆ.”

“ಹುಚ್ಚೀ, ಕಣ್ಣು ಆಪರೇಷನ್ ಆಗಿದೆ. ಅತ್ತುಬಿಟ್ರೆ? ಬಿದ್ದಿದ್ದನ್ನ ನಿಲ್ಸೋಕೆ ಅವಳನ್ಯಾಕೆ ಕೇಳ್ಬೇಕು? ನನ್ನ ಕೈಲಾಗಲ್ವಾ?”

ಕೈಲಾಗುತ್ತದೆ, ಅದೇ ಭಯ. ಅವನು ಕೆಳಗೆ ಹೋಗಿ ಬಿದಿರು ಕಡ್ಡಿಗಳನ್ನೂ, ಪ್ಯಾಂಟಿನ ಸೊಂಟಕ್ಕೆ ಒಳಗಡೆ ಹಾಕುವ ಗಟ್ಟಿ ಪಟ್ಟಿಯ ಸುರುಳಿಯನ್ನೂ ತಂದ. ಪ್ರತಿ ಗಿಡಕ್ಕೂ ಒಂದು ಕಡ್ಡಿ ನೆಟ್ಟ. ಕಾಂಡವನ್ನು ಕಡ್ಡಿಗೆ ಒತ್ತಿ ಹಿಡಿದು ಬುಡ, ನಡು, ಕತ್ತು ಮೂರೂ ಕಡೆ ಬಿಗಿದ. ಅಡ್ಡಾದಿಡ್ಡಿ ಚಾಚಿದ್ದ ರೆಂಬೆಗಳನ್ನು ಅವನ ಕಣ್ಣು ಸಹಿಸಲಿಲ್ಲ. ಅವನ್ನೂ ಒಳಗೆ ಎಳೆದು, ಎಲೆಯ ಮೇಲೆ ಎಲೆ ಕೂರುವಂತೆ ಸುತ್ತಿ ಕಟ್ಟಿದ. ಕೆಲಸ ಮುಗಿದಾಗ ತಾರಸಿಯ ಮೇಲೆ ಗಿಡಗಳು ಮಡಿಸಿದ ಕೊಡೆಗಳಂತೆ ನಿಂತಿದ್ದವು. ನೋಡಲು ಚೆನ್ನಾಗಿಯೇ ಇದ್ದವು, ಸುಳ್ಳೇಕೆ ಹೇಳಲಿ.

“ಮಾವ, ಗಿಡಕ್ಕೆ ಉಸಿರಾಡೋಕೆ ಸ್ವಲ್ಪ ಜಾಗ ಬೇಡ್ವಾ?”

“ಜಾಗ ಬಿಟ್ಟಿದ್ದಕ್ಕೇ ಬಿದ್ದಿದ್ದು.”

ಮರುದಿನ ಚುರುಚುರು ಬಿಸಿಲು. ಎಲೆಗಳೆಲ್ಲ ಬಾಡಿ ಜೋತುಬಿದ್ದವು. ಮಾವ ಮಣ್ಣು ಮುಟ್ಟಿ ನೋಡಲಿಲ್ಲ, ಎಲೆ ನೋಡಿದ. ಬಾಡಿದೆ ಅಂದರೆ ಬಾಯಾರಿಕೆ, ಇನ್ನೇನು? ಒದ್ದೆ ಮಣ್ಣಿಗೆ ಎರಡೆರಡು ಚೊಂಬು ನೀರು ಹುಯ್ದ. ಸಂಜೆಗೂ ಎಲೆ ಎದ್ದಿರಲಿಲ್ಲ, ಮತ್ತೆ ಹುಯ್ದ. ಅದರ ಮೇಲೆ, ಪಾಪ ಸುಸ್ತಾಗಿವೆ ಎಂದು ಗೊಬ್ಬರದ ಅಂಗಡಿಯಿಂದ ಹರಳು ಗೊಬ್ಬರ ತಂದು ಹಿಡಿಹಿಡಿ ಹಾಕಿದ. ಜ್ವರದಲ್ಲಿ ಮಲಗಿದವನನ್ನು ಎಬ್ಬಿಸಿ ಕೂರಿಸಿ ಹಬ್ಬದೂಟ ಬಡಿಸುವ ಉಪಚಾರ.

ಕೆಳಗೆ ಅತ್ತೆಯ ವಿಚಾರಣೆ ದಿನವೂ ನಡೆಯುತ್ತಿತ್ತು.

“ಗಾಳಿಗೆ ಏನಾದ್ರೂ ಬಿತ್ತೇನ್ರೀ?”

“ಒಂದೆರಡು ವಾಲಿದ್ವು. ನಿಲ್ಲಿಸಿದೀನಿ. ಸೈನಿಕರ ಥರ ನಿಂತಿವೆ.”

ಅತ್ತೆ ಕಪ್ಪು ಕನ್ನಡಕವನ್ನು ಅವನ ಕಡೆ ತಿರುಗಿಸಿದಳು. “ಮೆಣಸಿನ ಗಿಡ ಸೈನಿಕರ ಥರ ಯಾಕೆ ನಿಲ್ಬೇಕು?” ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, “ಒಂದು ಕಾಯಿ ಕೆಂಪಾದ್ರೆ ಸಾಕಪ್ಪ. ಬೀಜ ಒಂದು ಉಳಿದ್ರೆ ಸಾಕು” ಎಂದಳು. ಮಾವ ಆ ಮಾತು ಕೇಳಿಸದವನಂತೆ ಟೇಪು ಸುತ್ತತೊಡಗಿದ.

ಕೇಳಿಸಿತ್ತು. ಆದರೆ ಅಷ್ಟರಲ್ಲಿ ಗಿಡಗಳು ಹಳದಿಯಾಗತೊಡಗಿದ್ದವು. ಒತ್ತಾಗಿ ಕಟ್ಟಿದ ಎಲೆಗಳ ನಡುವೆ ನೀರು ಆರದೆ ಕಪ್ಪು ಮಚ್ಚೆ ಬಿದ್ದು, ಬಿಚ್ಚಿ ನೋಡಿದರೆ ಕೊಳೆತ ವಾಸನೆ. ಹಸಿರು ಕಾಯಿಗಳು ತೊಟ್ಟು ಕಳಚಿ ಉದುರುತ್ತಿದ್ದವು. ಅವನು ಅಂಗಡಿಯಲ್ಲಿ ಕೂತು ಒಂದೇ ತೋಳನ್ನು ಎರಡು ಸಲ ಹೊಲಿದ. ಮಧ್ಯೆ ಎದ್ದು ಮೇಲೆ ಹೋಗಿ ಪಟ್ಟಿಗಳನ್ನು ಇನ್ನಷ್ಟು ಬಿಗಿ ಮಾಡಿ ಬಂದ. ಹೆದರಿದಾಗ ಅವನಿಗೆ ಗೊತ್ತಿರುವ ಉಪಾಯ ಅದೊಂದೇ. ನನಗೆ ಕೋಪ ಬಂದಿತ್ತು, ಹಾಗೆಯೇ ಅಯ್ಯೋ ಅನ್ನಿಸುತ್ತಲೂ ಇತ್ತು.

ಅತ್ತೆ ಕೋಣೆಯಲ್ಲಿ ಕೂತ ದಿನದಿಂದ ಬಟ್ಟೆ ಒಗೆಯುವುದು, ಒಣಗಿಸುವುದು ನನ್ನ ಪಾಲಿಗೆ ಬಂದಿತ್ತು. ಬ್ಲೌಸ್‌ಗಳನ್ನು ಟವೆಲಿನ ಅಡಿಯಲ್ಲಿ ಹಾಕುವುದನ್ನು ನಾನು ಮರೆತಿರಲಿಲ್ಲ. ಒಂದು ದಿನ ತಾರಸಿಯಲ್ಲಿ ಬಟ್ಟೆ ಹರವಿ ಕೆಳಗೆ ಬಂದರೆ ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರು, ಹೊರಗೆ ಗಾಳಿ ಎದ್ದಿತು. “ನೀನು ಅವರನ್ನ ನೋಡ್ಕೋ, ಬಟ್ಟೆ ನಾನು ತರ್ತೀನಿ” ಎಂದು ಮಾವ ಮೆಟ್ಟಿಲು ಹತ್ತಿಯೇಬಿಟ್ಟ. ನನ್ನ ಕೈಯಲ್ಲಿ ಸೂಜಿ, ಎದುರಿಗೆ ಗುಂಡಿ ಕಿತ್ತ ಕೋಟಿನ ಮಹಾಶಯ. ಏನು ಮಾಡಲಿ?

ಮಾವ ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಕೋಟಿನವನನ್ನು ಸಾಗಹಾಕಿ ಮೇಲೆ ಓಡಿದೆ. ಮಾವ ನೀರಿನ ತೊಟ್ಟಿಯ ಹಿಂದೆ, ಕವುಚಿದ ಬಕೆಟ್ಟಿನ ಮೇಲೆ ಕೂತಿದ್ದ. ಗಾಳಿ ಅತ್ತೆಯ ಬ್ಲೌಸೊಂದನ್ನು ತೊಟ್ಟಿಯ ಹಿಂದಕ್ಕೆ ಹಾರಿಸಿತ್ತು, ಎತ್ತಿಕೊಳ್ಳಲು ಹೋಗಿದ್ದ. ಈಗ ಅದು ಅವನ ಮೊಣಕಾಲಿನ ಮೇಲೆ ಒಳಮೈ ಹೊರಗಾಗಿ ಹರಡಿಕೊಂಡಿತ್ತು. ಕಂಕುಳ ಕೆಳಗಿನ ಪಟ್ಟಿಯ ಮೇಲೆ ಅವನ ಹೆಬ್ಬೆರಳು.

ಅವನ ಕಾಲ ಬಳಿ ಇನ್ನೂ ಒಂದು ವಸ್ತುವಿತ್ತು. ಬಿರುಗಾಳಿಯ ದಿನ ಉರುಳಿ ತೊಟ್ಟಿಯ ಹಿಂದೆ ಸಿಕ್ಕಿಕೊಂಡ ಒಂದು ಎಣ್ಣೆ ಡಬ್ಬಿ. ನಾವು ಯಾರೂ ಅದನ್ನು ನೋಡಿರಲಿಲ್ಲ. ಮಗ್ಗುಲಾಗಿ ಬಿದ್ದದ್ದರಿಂದ ನೀರು ತಾನಾಗಿ ಹರಿದುಹೋಗಿತ್ತು. ಗಿಡ ಸೊಟ್ಟಗೆ, ಮಲಗಿದಲ್ಲಿಂದಲೇ ತಲೆ ಎತ್ತಿ ಬೆಳಕಿನ ಕಡೆ ತಿರುಗಿತ್ತು. ಮುರಿದ ರೆಂಬೆಯ ಕೆಳಗೆ ಎಳೆ ಚಿಗುರು. ಎರಡು ಕಾಯಿ, ಗಟ್ಟಿ ಹಸಿರು. ಕಡ್ಡಿಯಿಲ್ಲ, ಪಟ್ಟಿಯಿಲ್ಲ, ಗೊಬ್ಬರವಿಲ್ಲ, ನಮ್ಮ ಮಾವನ ಉಪಕಾರವೂ ಇಲ್ಲ.

“ಇದು ಯಾರು ಹೊಲಿದಿದ್ದು?” ಎಂದ. ಗಿಡದ ಮಾತಲ್ಲ.

“ಅತ್ತೇನೇ.”

“ಎಲ್ಲಾದ್ರಲ್ಲೂ ಇದ್ಯಾ?”

“ಹೂಂ.”

“ಯಾವಾಗಿಂದ?”

“ದೊಡ್ಡ ಮಗಳು ಹುಟ್ಟಿದಾಗಿಂದ ಅಂತ ಒಂದ್ಸಲ ಅಂದಿದ್ಲು.”

ಅವನು ಬ್ಲೌಸನ್ನು ಕಣ್ಣ ಹತ್ತಿರ ತಂದು ಹೊಲಿಗೆ ನೋಡಿದ. ಬೈಯುತ್ತಾನೆ, ಕೂಗಾಡುತ್ತಾನೆ, ಕನಿಷ್ಠ ನನಗಾದರೂ ಒಂದು ಬೀಳುತ್ತದೆ ಎಂದು ಕಾದೆ. “ಹೊಲಿಗೆ ಚೆನ್ನಾಗಿದೆ” ಎಂದ. ಅಷ್ಟೇ ಹೇಳಿ ಮೂಗು ಒರೆಸಿಕೊಂಡ. ಅವನ ಮುಖ ನಿಜಕ್ಕೂ ಅತ್ತೆ ತೋರಿಸಿದ್ದ ಬೆರಳ ತುದಿಯಷ್ಟಾಗಿತ್ತು.

ಆಮೇಲೆ ಎದ್ದು ಜೇಬಿನಿಂದ ಸಣ್ಣ ಕತ್ತರಿ ತೆಗೆದು ಒಂದೊಂದೇ ಗಿಡದ ಪಟ್ಟಿ ಕತ್ತರಿಸಿದ. ಸತ್ತ ಗಿಡಗಳದ್ದೂ ಕತ್ತರಿಸಿದ. ಬ್ಲೌಸನ್ನು ಟವೆಲಿನ ಅಡಿಗೆ ಹಾಕಿ, ಕೆಳಗೆ ಬಂದು ಅತ್ತೆಯ ಎದುರು ನೆಲದ ಮೇಲೆ ಕೂತ.

“ಗಿಡ ಹೋಗ್ತಾ ಇವೆ ಕಣೇ. ಗಾಳಿಗಲ್ಲ. ಗಾಳಿಗೆ ಬಿದ್ದಿದ್ವು ಅಷ್ಟೇ. ಹಾಳು ಮಾಡಿದ್ದು ನಾನು. ಏನು ಮಾಡ್ಲಿ, ನೀನೇ ಹೇಳು.”

ಮದುವೆಯಾದಾಗಿನಿಂದ ಅವನು ಅವಳನ್ನು ಏನು ಮಾಡಲಿ ಎಂದು ಕೇಳಿದ್ದು ಅದೇ ಮೊದಲಿರಬೇಕು. ಅತ್ತೆ ಬೈಯಲಿಲ್ಲ. ಕನ್ನಡಕ ಸರಿ ಮಾಡಿಕೊಂಡು, “ಎಷ್ಟು ಉಳಿದಿವೆ ಅಂತ ಹೇಳ್ಬೇಡಿ. ಉಳಿದಿರೋದಕ್ಕೆ ಮಾಡಿ” ಎಂದು ಶುರು ಮಾಡಿದಳು. ಬಕೆಟ್ಟಿನ ತಳದ ತೂತು ಕೆಸರಿಂದ ಕಟ್ಟಿಕೊಂಡಿರುತ್ತೆ, ದಬ್ಬಣದಿಂದ ಬಿಡಿಸಿ. ಮಚ್ಚೆ ಬಿದ್ದ ಎಲೆ ಕಿತ್ತು ದೂರ ಎಸೀರಿ. ಮುರಿದ ರೆಂಬೆ ಕತ್ತರಿಸಿ. ಬೇರು ಕಂಡ ಕಡೆ ಒಣ ಮಣ್ಣು ಹಾಕಿ. ಮೇಲೆ ಹಾಕಿರೋ ಗೊಬ್ಬರ ಕೆರೆದು ತೆಗೀರಿ, ಚಿಗುರು ಬಂದ್ಮೇಲೆ ನೋಡೋಣ. ಎಲೆ ಬಾಡಿದ್ರೆ ಬಾಡ್ಲಿ, ಮಣ್ಣು ಒಣಗೋವರೆಗೂ ನೀರು ಬೇಡ.

“ಕಡ್ಡಿಗೆ ಕಟ್ಟೋದು?”

“ಕಟ್ಟಿ. ಹಳೇ ಮೆತ್ತನೆ ಬಟ್ಟೆ ತಗೊಂಡು, ಕಾಂಡಕ್ಕೂ ಕಡ್ಡಿಗೂ ಮಧ್ಯೆ ಬೆರಳು ಆಡೋ ಹಾಗೆ. ಗಾಳಿ ಬಂದಾಗ ಅದು ಸ್ವಲ್ಪ ಅಲ್ಲಾಡ್ಬೇಕು ರೀ. ಅಲ್ಲಾಡಿದ್ರೇನೇ ಕಾಂಡ ಗಟ್ಟಿಯಾಗೋದು.”

“ಆಮೇಲೆ?”

“ಆಮೇಲೆ ಏನೂ ಇಲ್ಲ. ಸುಮ್ಮನಿರೋದು.”

ಹೇಳಿದ್ದೆಲ್ಲ ಮಾಡಿದ. ಕೊನೆಯದೇ ಅವನಿಗೆ ಕಷ್ಟವಾದದ್ದು. ಬೆಳಿಗ್ಗೆ ತಾರಸಿಗೆ ಹೋಗಿ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಅಪರಾಧಿಯಂತೆ ಗಿಡಗಳ ನಡುವೆ ಓಡಾಡುತ್ತಿದ್ದ. ಚೊಂಬು ಮಾತ್ರ ನಾನು ಬಚ್ಚಿಟ್ಟಿದ್ದೆ, ಏನಿದ್ದರೂ ಹುಟ್ಟುಗುಣ ನೋಡಿ. ಹೆಚ್ಚಿನವು ಹೋದವು. ಮೂರು ಮತ್ತೆ ಚಿಗುರಿದವು. ತೊಟ್ಟಿಯ ಹಿಂದಿನದು ಯಾರನ್ನೂ ಕೇಳದೆ ತನ್ನ ಪಾಡಿಗೆ ತಾನು ಬೆಳೆಯಿತು.

ಈ ನಡುವೆ ಒಂದು ಮಧ್ಯಾಹ್ನ ಮಾವ ಟೇಪು ಹಿಡಿದು ಅತ್ತೆಯ ಮುಂದೆ ನಿಂತ. “ಏಳು, ಅಳತೆ ತಗೋಬೇಕು.”

“ಯಾಕೆ? ನನ್ನ ಅಳತೆ ನಿಮಗೆ ಬಾಯಿಪಾಠ ಅಲ್ವಾ?”

“ಮರ್ತೋಯ್ತು.”

ಅತ್ತೆ ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ. ಅವಳು ಎದ್ದು ಕೈ ಅಗಲಿಸಿ ನಿಂತಳು. ಮಾವ ಟೇಪು ಸುತ್ತಿ, ಅಂಕೆ ನೋಡಿ, ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಂಡ.

ಡಾಕ್ಟರು ಅಪ್ಪಣೆ ಕೊಟ್ಟ ದಿನ ಅತ್ತೆ ಹೊಸ ಬ್ಲೌಸ್ ತೊಟ್ಟು, ನನ್ನ ತೋಳು ಹಿಡಿದು ತಾರಸಿಗೆ ಬಂದಳು. ಖಾಲಿ ಬಕೆಟ್ಟುಗಳ ಸಾಲು ನೋಡಿ ಅವಳ ಹೆಜ್ಜೆ ನಿಂತಿತು. ಆದರೆ ತೊಟ್ಟಿಯ ಹಿಂದಿನ ಸೊಟ್ಟ ಗಿಡವನ್ನು ಮಾವ ಅವಳಿಗಾಗಿ ಮುಂದೆ ತಂದಿಟ್ಟಿದ್ದ. ಒಂದು ಕಾಯಿ ಪೂರ್ತಿ ಕೆಂಪಾಗಿತ್ತು. ಅತ್ತೆ ಅದನ್ನು ಅಂಗೈ ಮೇಲೆ ಎತ್ತಿ ಹಿಡಿದಳು. “ಅಮ್ಮಂದೇ” ಎಂದಳು. ಆಮೇಲೆ ಪಕ್ಕದ ಗಿಡದ ಮೆತ್ತನೆಯ ಪಟ್ಟಿಯೊಳಗೆ ಬೆರಳು ತೂರಿಸಿ ಆಡಿಸಿ ನೋಡಿದಳು.

“ಇದನ್ನ ಯಾರು ಕಟ್ಟಿದ್ದು?”

“ನಾನೇ” ಎಂದ ಮಾವ.

“ಸುಮ್ನಿರಿ, ನೀವಲ್ಲ.”

ಅಷ್ಟರಲ್ಲಿ ಅವಳ ಹೊಸ ಬ್ಲೌಸು ಭುಜದಿಂದ ಜಾರಿತು. ಅದು ಜಾರದೆ ಇನ್ನೇನು ಮಾಡೀತು? ಬಿಗಿ ಬಿಟ್ಟವನು ಸಡಿಲದಲ್ಲೂ ಮಿತಿ ಇಟ್ಟಿರಲಿಲ್ಲ. ಒಳಗೆ ನನ್ನನ್ನೂ ಸೇರಿಸಿಕೊಳ್ಳಬಹುದಾಗಿತ್ತು. “ಹೇಗಿದೆ?” ಎಂದು ಮಾವ ಆಸೆಯಿಂದ ಕೇಳಿದ. ಅತ್ತೆ ಒಂದು ಕೈಯಲ್ಲಿ ಭುಜ ಹಿಡಿದುಕೊಂಡು, “ಕರೆಕ್ಟಾಗಿ ಕೂತಿದೆ” ಎಂದಳು.

ಅವನು ಅಂಗಡಿ ತೆರೆಯಲು ಹೋದ ಕೂಡಲೇ ಕೋಣೆಯಲ್ಲಿ ಬ್ಲೌಸು ಬದಲಾಯಿಸಿ, ನನಗೆ ಸೂಜಿದಾರ ಕೊಟ್ಟು, “ನನ್ನ ಕಣ್ಣು ಇನ್ನೂ ಸರಿಯಾಗಿ ಕೂತಿಲ್ಲ. ಕಂಕುಳ ಹತ್ರ ಸ್ವಲ್ಪ ಹಿಡಿದು ಹೊಲಿ. ನಿನ್ನ ಮಾವನಿಗೆ ಹೇಳ್ಬೇಡ” ಎಂದಳು. ಒಳಮೈ ತಿರುಗಿಸಿದೆ. ಹೊಲಿಗೆಯ ಆಚೆ ಎರಡು ಬೆರಳಿಗೂ ಮಿಕ್ಕಿದಷ್ಟು ಬಟ್ಟೆ ಬಿಟ್ಟಿದ್ದ, ಅಂಚು ಮಡಿಸಿ ಸಣ್ಣಗೆ ಹೊಲಿದಿದ್ದ. ನಾನು ಅದನ್ನು ಅತ್ತೆಯ ಕೈಗೆ ಕೊಟ್ಟೆ. ಅವಳು ಕಣ್ಣಿಂದ ನೋಡಲಿಲ್ಲ, ಬೆರಳಿಂದಲೇ ಆ ಅಂಚನ್ನು ಈ ತುದಿಯಿಂದ ಆ ತುದಿಗೆ ಮುಟ್ಟಿಕೊಂಡು ಹೋದಳು.

“ಗೊತ್ತಾಗಿದೆ ಅಲ್ವಾ ಅವರಿಗೆ?”

“ನಂಗೇನು ಗೊತ್ತು ಅತ್ತೆ” ಎಂದೆ.

“ಕಳ್ಳಿ” ಎಂದು ನನ್ನ ತಲೆಗೆ ಮೊಟಕಿದಳು. ನಾನು ಸೂಜಿಗೆ ದಾರ ಪೋಣಿಸಿ, ಹಿಡಿದು ಹೊಲಿಯುವಾಗ ಒಳಗೆ ದಪ್ಪವಾಗುವ ಬಟ್ಟೆಯನ್ನು ಕತ್ತರಿಸಿಬಿಡಲೇ ಎಂದು ಕೇಳಿದೆ.

“ಬೇಡ” ಎಂದಳು ಅತ್ತೆ. “ಅದು ಇರ್ಲಿ.”